ಇತರೆ

ನೂರಕ್ಕೆ ಮೂವತ್ತು ಬೆಣಚು,
ಅರವತ್ತು ಎರಡು ಬಗೆಯ ಫೆಲ್ಡ್‌ಸ್ಪಾರ್,
ಕಾಗೆಬಂಗಾರ ಒಂಬತ್ತು ಚಿಲ್ಲರೆ.
ಕೂಡಿದರೆ ನೂರಾಗದು.
ಕೊನೆಯ ಸಾಲಿನಲ್ಲಿ ‘ಇತರೆ’ ಎಂದು ಬರೆದು
ಸೊನ್ನೆ ಬಿಂದು ನಾಲ್ಕು ಸೇರಿಸಿ ಲೆಕ್ಕ ಮುಚ್ಚುವುದನ್ನು
ಇಪ್ಪತ್ತು ವರ್ಷ ಹುಡುಗರಿಗೆ ನಾನೇ ಕಲಿಸಿದ್ದೇನೆ.

ಕೊಡ್ಲಿಪೇಟೆಯಾಚೆ, ಹೇಮಾವತಿಗಿಂತ ಈಚೆ, ಒಂದು ಕಲ್ಲುಕೋರೆ.
ಮೂವತ್ತು ಕೆಜಿ ಕಲ್ಲು ಬೇಕು ಅಂದೆ.
‘ಕಟ್ಟೋದಕ್ಕಾ ಮೇಡಂ?’ ರೈಟರ್ ಹಂಝ ಕೇಳಿದ.
ಪುಡಿ ಮಾಡೋದಕ್ಕೆ.
‘ಅದನ್ನೇ ಅಲ್ವಾ ನಾವು ದಿನಾ ಮಾಡೋದು’ ಎನ್ನುತ್ತ
ರಿಜಿಸ್ಟರ್ ತೆರೆದ.
ಡೀಸೆಲ್, ಡ್ರಿಲ್ಲು, ಮದ್ದು, ಟ್ರಾಕ್ಟರ್ ಬಾಡಿಗೆ,
ಹೆಸರು ಹಿಡಿದು ಹನ್ನೊಂದು ಗಂಡಾಳು.
ಕೆಳಗೊಂದು ಸಾಲು: ಇತರೆ, ಆರು.
‘ಅದು ಜಲ್ಲಿ ಹೊರೋ ಹೆಂಗಸರು.’

ಪುಡಿಯನ್ನು ತೊರೆಯಲ್ಲಿ ತೊಳೆಯಬೇಕು,
ಹಗುರಾದದ್ದನ್ನು ಹೋಗಗೊಟ್ಟು ಭಾರವನ್ನು ಉಳಿಸಿಕೊಳ್ಳಬೇಕು.
ನನ್ನ ಕೈ ಎಲ್ಲವನ್ನೂ ಬಿಡುತ್ತದೆ,
ಇಲ್ಲವೇ ಏನನ್ನೂ ಬಿಡುವುದಿಲ್ಲ.
ಬುತ್ತಿಪಾತ್ರೆ ಬೆಳಗಲು ಬಂದ ಅಂಕಮ್ಮ, ಆ ಆರರಲ್ಲಿ ಒಬ್ಬಳು,
ನೋಡಿ ನೋಡಿ ತಾಳಲಾರದೆ
‘ಕೊಡಿ ಇತ್ಲಾಗೆ’ ಎಂದು ಬಾಣಲೆ ಕಿತ್ತುಕೊಂಡಳು.

ಅಕ್ಕಿ ಜಾಲಿಸಿದರೆ ಅಕ್ಕಿ ಮುಂದೆ ಹೋಗಿ
ಕಲ್ಲು ತಳದಲ್ಲಿ ನಿಲ್ಲುತ್ತದೆ.
ಇಲ್ಲಿ ಕಲ್ಲೇ ಅಕ್ಕಿ. ಕಲ್ಲಿನೊಳಗಿನ ಕಲ್ಲು ಯಾವುದೆಂದು
ಅವಳ ಮಣಿಕಟ್ಟಿಗೆ ಗೊತ್ತಿತ್ತು.

ಜಾಲಿಸುತ್ತಲೇ ಕೇಳಿದಳು, ಇದೆಲ್ಲಿಂದ ಬಂತು?
ಹೇಳಿದೆ.
ನೆಲದ ಬಹಳ ಆಳದಲ್ಲಿ ಕಲ್ಲು ಕರಗಿ ಗಂಜಿಯಾಗಿತ್ತು.
ಆರುತ್ತ ಆರುತ್ತ ಹರಳು ಕಟ್ಟತೊಡಗಿತು.
ಫೆಲ್ಡ್‌ಸ್ಪಾರ್ ತನ್ನ ಅಳತೆಯವರನ್ನು ಒಳಗೆ ಕರೆಯಿತು.
ಬೆಣಚು ಇನ್ನೂ ಬಿಗಿ, ತನ್ನವರನ್ನು ಬಿಟ್ಟು
ಯಾರಿಗೂ ಹೆಚ್ಚುಕಡಿಮೆ ಬಾಗಿಲಿಲ್ಲ.
ಜಿರ್ಕೋನಿಯಂ ಎಲ್ಲ ಮನೆಗೂ ಹೋಯಿತು;
ಮೈ ದೊಡ್ಡದು, ಮೈಮೇಲೆ ವಿದ್ಯುತ್ತಿನ ಹೊರೆ,
ಯಾವ ಹೊಸ್ತಿಲಲ್ಲೂ ಹಿಡಿಸಲಿಲ್ಲ.
ಥೋರಿಯಂ, ಸೀರಿಯಂ, ಲ್ಯಾಂಥನಂ,
ಅವಕ್ಕೂ ಅದೇ ಉತ್ತರ.
ಸೇರದವೆಲ್ಲ ಉಳಿದ ಗಂಜಿಯಲ್ಲೇ
ಒತ್ತಾಗುತ್ತ ಒತ್ತಾಗುತ್ತ
ಒಂದು ದಿನ (ದಿನವೆಂದರೆ ಸಾವಿರಾರು ವರ್ಷ)
ಇನ್ನು ಹೊರಲಾರೆ ಅಂದಿತು ಗಂಜಿ.
ಆಗ ದೊಡ್ಡ ಹರಳುಗಳ ಸಂದಿಯಲ್ಲಿ,
ಕಾಗೆಬಂಗಾರದ ಪದರಿನ ಅಂಚಿನಲ್ಲಿ,
ಎಳ್ಳಿನ ಹತ್ತನೆಯ ಪಾಲಿನಷ್ಟು ಮನೆ:
ಜಿರ್ಕಾನ್.
ರಂಜಕವನ್ನು ಕೂಡಿಸಿಕೊಂಡವು ಮೊನಜೈಟ್.

‘ಹಂಗಾರೆ ಜಾಗ ಇಲ್ದೋವು’ ಅಂದಳು.
‘ಆನುಷಂಗಿಕ ಖನಿಜ’ ಎಂಬ ಪದ
ನನ್ನ ನಾಲಿಗೆಯ ತುದಿಗೆ ಬಂದದ್ದು
ಅಲ್ಲೇ ಕೂತಿತು.

ಒಣಗಿದ ಮೇಲೆ ಕಾಗದದಡಿ ಅಯಸ್ಕಾಂತ ಆಡಿಸಿದೆ.
ಕಪ್ಪು ಹುಡಿ ಮೀಸೆಯಂತೆ ಎದ್ದು ಸರಿಯಿತು.
ಉಳಿದದ್ದು ಒಂದು ಚಿಟಿಕೆ:
ಜೇನಿನ ಬಣ್ಣದ್ದು, ತಿಳಿಗುಲಾಬಿ, ಒಂದೆರಡು ಬಣ್ಣವಿಲ್ಲದವು.
ಮೂವತ್ತು ಕೆಜಿಗೆ ಇಷ್ಟೇನಾ ಎಂದು
ಹಂಝ ತಾನೇ ನಷ್ಟಕ್ಕೆ ಬಿದ್ದವನಂತೆ ನಿಂತ.

ಮಡಿಕೇರಿಯಲ್ಲಿ, ಕಾಲೇಜಿನ ಸೂಕ್ಷ್ಮದರ್ಶಕದಡಿ,
ಅದೇ ಕಲ್ಲಿನ ತೆಳುಸೀಳು.
ಕಂದು ಕಾಗೆಬಂಗಾರದ ನಡುವೆ ಒಂದು ಚುಕ್ಕೆ,
ಸುತ್ತ ಕಪ್ಪು ಬಳೆ,
ಕಂಬಳಿಗೆ ಬೀಡಿಯ ಕಿಡಿ ಬಿದ್ದಂತೆ.
ಒಳಗಿನ ಯುರೇನಿಯಂ ಸದ್ದಿಲ್ಲದೆ ಸಿಡಿಯುತ್ತ
ಆಶ್ರಯ ಕೊಟ್ಟ ಮನೆಯ ಗೋಡೆ ಸುಟ್ಟಿದೆ, ಇನ್ನೂ ಸುಡುತ್ತಿದೆ.

ಇನ್ನೊಂದರ ಹೊಟ್ಟೆಯಲ್ಲಿ ಅದಕ್ಕಿಂತ ಹಳೆಯ ತಿರುಳು.
ಹಿಂದೊಂದು ಕಲ್ಲು ಇತ್ತು, ಕರಗಿತು,
ಅದರಲ್ಲಿದ್ದ ಎಲ್ಲರೂ ಹೆಸರು ಬಿಟ್ಟುಕೊಟ್ಟರು;
ಇದು ಮಾತ್ರ ಮೂಲೆಗಳನ್ನಷ್ಟೇ ಸವೆಸಿಕೊಂಡು ಉಳಿಯಿತು.
ಮೇಲೆ ಹೊಸ ಪದರ,
ಕೋರೆಯ ಹೆಂಗಸರು ಸೀರೆಯ ಮೇಲೆ
ಗಂಡನ ಹಳೇ ಅಂಗಿ ತೊಡುವ ಹಾಗೆ.

ವಯಸ್ಸು ತಿಳಿಯಲು ಹರಳು ದೂರದ ಲ್ಯಾಬಿಗೆ ಹೋಗಿದೆ.
ಅಂಕಮ್ಮನ ವಯಸ್ಸು ನಾನು ಅಲ್ಲೇ ಕೇಳಿದ್ದೆ, ವೋಚರಿಗೆ ಬೇಕಿತ್ತು.
‘ನಲವತ್ತು ಬರ್ಕೊಳ್ಳಿ. ಸಾಲಲ್ಲ ಅಂದ್ರೆ ಐವತ್ತು.’
ಅವಳ ಕೂಲಿಗೆ ನಮ್ಮ ಕಾಲೇಜಿನಲ್ಲಿ
ಒಂದೇ ಒಂದು ಬಾಬತ್ತು ಇತ್ತು. ಯಾವುದೆಂದು ಹೇಳಬೇಕಿಲ್ಲ.
ಮಂಡಿಯ ಮೇಲೆ ಪುಸ್ತಕವಿಟ್ಟು
ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು;
ಕೊನೆಯ ಒತ್ತಕ್ಷರ ಗೆರೆ ದಾಟಿ
ಕೆಳಗೆ ಇಳಿಯಿತು.

ದುಡ್ಡು ನನ್ನ ಪರ್ಸಿನಿಂದಲೇ ಕೊಟ್ಟು ಬಂದೆ.
ವೋಚರ್ ಈ ಬೆಳಿಗ್ಗೆ ವಾಪಸು ಬಂದಿದೆ,
ಅಂಚಿನಲ್ಲಿ ಹಸಿರು ಶಾಯಿಯ ಆಕ್ಷೇಪಣೆ:
ಸಹಿ, ಒಟ್ಟು ಮೊತ್ತದ ಖಾನೆಯೊಳಗೆ ಬಂದಿದೆ.