ಸೊಟ್ಟಮೂಗಿನ ವಂಶ

ಪಾಲಿಬೆಟ್ಟ ದಾಟಿ ಮೂರನೇ ಸ್ಟಾಪು, ಕಲ್ಲಂಬಾಣೆ.
ಕಲ್ಲೆಲ್ಲಿ ಎಂದರೆ ಕಂಡಕ್ಟರು
ಆನೆ ಹೊತ್ತುಕೊಂಡು ಹೋಯಿತು ಅನ್ನುತ್ತಾನೆ.
ಮೂವತ್ತೊಂದು ವರ್ಷ ಅಲ್ಲೇ ರೈಟರಾಗಿ ಹಾಜರಿ ಬರೆದ ನಾನೂ
ಬಾಣೆಯಲ್ಲೊಂದು ಕಲ್ಲಿತ್ತೆಂದೇ ನಂಬಿದ್ದೆ,
ಸ್ಕಾಟ್ಲೆಂಡಿನಿಂದ ಆ ಕಾಗದ ಬರುವವರೆಗೆ.

ನನ್ನ ಮುತ್ತಜ್ಜ ಯೂಅನ್ ಕ್ಯಾಮೆರಾನ್
ನಿಮ್ಮ ತೋಟದ ಅಂಚಿನಲ್ಲಿ ಮಲಗಿದ್ದಾನೆ.
ಗ್ಲೆನ್ ಬಾನ್ ಎಂದು ಅದಕ್ಕೆ ಹೆಸರಿಟ್ಟವನು ಅವನೇ.
ಒಂದು ಫೋಟೋ ಕಳಿಸಿದರೆ ಉಪಕಾರ.

ಬರೆದಾಕೆ ಶಾಲೆಯ ಟೀಚರಂತೆ,
ಕಾಗದದ ಬೆನ್ನ ತುಂಬ ಅರ್ಥ ಗೀಚಿದ್ದಳು:
ಅಲ್ಲಿಯ ಹಳೆ ನುಡಿಯಲ್ಲಿ ಗ್ಲೆನ್ ಎಂದರೆ ಕಣಿವೆ, ಬಾನ್ ಎಂದರೆ ಬಿಳಿ.
ಬಿಳಿ ಕಣಿವೆ.
ಊರಿನ ಹಿಮ ನೆನೆದು ಇಟ್ಟನೋ,
ಹೂಮಳೆ ಬಿದ್ದ ಒಂಬತ್ತನೇ ಬೆಳಿಗ್ಗೆ
ಇಡೀ ಇಳಿಜಾರು ಒಮ್ಮೆಲೇ ಅರಳಿದ್ದು ಕಂಡು
ಹಲ್ಲುಜ್ಜುವುದು ಮರೆತು ನಿಂತನೋ,
ಲೆಡ್ಜರಿನಲ್ಲಿ ಕಾರಣಕ್ಕೆ ಕಾಲಂ ಇಲ್ಲ.

ಲೈನಿನವರ ಬಾಯಿಗೆ ಗ್ಲೆನ್ ಸಿಗಲಿಲ್ಲ,
ಕಲ್ಲಂ ಸಿಕ್ಕಿತು.
ಬಾನ್‌ಗೆ ಬಾಣೆ ಕಾಲಡಿಯಲ್ಲೇ ಇತ್ತು.
ಮಡಿಕೇರಿಯನ್ನು ಮರ್ಕೆರಾ ಮಾಡಿ,
ಕೊಡಗನ್ನು ಕೂರ್ಗ್ ಮಾಡಿ ಹೋದವರಿಗೆ
ನಮ್ಮ ಕಡೆಯಿಂದ ಚಿಲ್ಲರೆ ವಾಪಸು.

ಜೆಪ್ಪು ಕತ್ತಿ ಹಿಡಿದು ಮುಂದೆ,
ನಾನು ಕೊಡೆ ಹಿಡಿದು ಹಿಂದೆ.
ಲಂಟಾನ ಕಡಿದ. ತೆಂಗಿನ ನಾರಿನಲ್ಲಿ ಪಾಚಿ ಉಜ್ಜಿದ.
ಒಂದೊಂದೇ ಅಕ್ಷರ ಮೇಲೆದ್ದು ಬಂತು.
ಏನು ರೈಟ್ರೇ ಇವನ ಹೆಸರು?
ಕ್ಯಾಮೆರಾನ್. ಸೊಟ್ಟ ಮೂಗು ಅಂತ ಅರ್ಥ ಹೇಳುತ್ತಾರೆ ಮಾರಾಯ.
ಯಾವನೋ ಮೂಲಪುರುಷನ ಮೂಗು ಡೊಂಕು,
ಇಡೀ ಒಕ್ಕಕ್ಕೇ ಅದು ಅಂಟಿತು.
ಇನ್ನೊಂದು ಒಕ್ಕ ಕ್ಯಾಂಪ್‌ಬೆಲ್, ಅವರದ್ದು ಸೊಟ್ಟ ಬಾಯಿ.

ಜೆಪ್ಪು ನಕ್ಕು ನಕ್ಕು ಸಮಾಧಿಯ ಮೇಲೇ ಕೂತುಬಿಟ್ಟ.
ನಮ್ಮ ಲೈನಿನಲ್ಲೂ ಇದ್ದನಲ್ಲ ಸೊಟ್ಟಮೂಗ ತೋಲ!
ನನ್ನ ತಾಯಿಯ ಅಪ್ಪ!
ಹಾಗಾದರೆ ನಾವೂ ದೊರೆಗಳಾ?

ರಾತ್ರಿ ಸ್ಟೋರಿನ ಅಟ್ಟ ಹತ್ತಿ ಹಳೆ ಹಾಜರಿ ಪುಸ್ತಕ ಇಳಿಸಿದೆ.
ಇದ್ದ.
ತೋಲ, ಪಕ್ಕದಲ್ಲಿ ಸಣ್ಣಗೆ ಸೊ.ಮೂ.
ಯಾಕೆಂದರೆ ಆ ವರ್ಷ ತೋಲಂದಿರು ಮೂವರು,
ಒಬ್ಬ ಕುಂಟ, ಒಬ್ಬ ಹೊಸಬ, ಒಬ್ಬ ಇವನು.
ಕೂಲಿ ತಪ್ಪಬಾರದಲ್ಲ.
ಅವರ ದೇಶದಲ್ಲೂ ನನ್ನಂಥವನೇ ಯಾವನೋ
ಕಂದಾಯದ ಪಟ್ಟಿಯ ಮೇಲೆ ಬಗ್ಗಿ
ಹೀಗೇ ಗೀಚಿರಬೇಕು:
ಕುಲುಮೆಯವನು ಸ್ಮಿತ್,
ಕಡವಿನ ಹತ್ತಿರದವನು ಫೋರ್ಡ್,
ಕಿರುಗಾಡಿನವನು ಶಾ,
ಕಪ್ಪು ನೀರಿನ ದಡದವನು ಡಗ್ಲಸ್.
ಅಲ್ಲಿ ಶಾಯಿ ಒಣಗಿತು, ಮಗನಿಗೆ ಬಂತು, ಮೊಮ್ಮಗನಿಗೆ ಬಂತು,
ಹಡಗು ಹತ್ತಿ ಪಾಲಿಬೆಟ್ಟಕ್ಕೂ ಬಂದು ಕಲ್ಲಾಯಿತು.
ಇಲ್ಲಿ ತೋಲ ಸತ್ತ ವಾರವೇ
ಹೆಸರಿನ ಮೇಲೆ ಕೆಂಪು ಗೆರೆ.
ಗೆರೆ ನೇರವಾಗಿದೆ, ಸ್ಕೇಲಿಟ್ಟು ಎಳೆದದ್ದು.
ಜೆಪ್ಪುವಿಗೆ ಮೂಗು ಮಾತ್ರ ಬಂತು.

ಆಧಾರ್ ಕ್ಯಾಂಪಿನ ಹುಡುಗಿ ಸರ್‌ನೇಮ್ ಏನು ಎಂದು ಕೇಳಿದಾಗ
ಇವನು ನನ್ನ ಮುಖ ನೋಡಿದ್ದ,
ಬಸ್ ಸ್ಟಾಪಿನ ಹೆಸರು ಹಾಕಿಸಿದ್ದೆ.
ಈಗ ಕಾರ್ಡಿನಲ್ಲಿ ಅವನು ಜೆಪ್ಪು ಕಲ್ಲಂಬಾಣೆ,
ಅಂದರೆ ಜೆಪ್ಪು ಬಿಳಿಕಣಿವೆ,
ಯೂಅನ್ ಸಾಹೇಬ ಇದ್ದಿದ್ದರೆ
ಯಾವ ಕಡೆಯ ನೆಂಟ ಎಂದು ಕೇಳುತ್ತಿದ್ದ.

ಫೋಟೋ ಕಳಿಸಿದೆ. ಕಲ್ಲಿನ ಪಕ್ಕ ಜೆಪ್ಪು, ಓರೆಯಾಗಿ ನಿಂತು,
ಮೂಗು ಚೆನ್ನಾಗಿ ಕಾಣುವ ಹಾಗೆ.
ಆಕೆ ಮರುಟಪಾಲಿಗೆ ಕೇಳಿದ್ದಾಳೆ:
ನಮ್ಮಜ್ಜ ಬರುವ ಮುಂಚೆ
ಆ ಜಾಗವನ್ನು ಏನೆಂದು ಕರೆಯುತ್ತಿದ್ದರು?

ಆವತ್ತು ತೊರೆ ದಾಟುವಾಗ ಜೆಪ್ಪು ಅಂದಿದ್ದ,
ನಮ್ಮಜ್ಜಿ ಇದಕ್ಕೆ ಬೇರೇನೋ ಅನ್ನುತ್ತಿದ್ದಳು ಎಂದು,
ಆ ಹೆಸರನ್ನೂ ಹೇಳಿದ್ದ, ಎರಡು ಸಲ.
ನಾನು ಹೂಂ ಅಂದಿದ್ದೆ.
ಕೈಯಲ್ಲಿ ಕೊಡೆ ಇತ್ತು,
ಪೆನ್ನು ಆಫೀಸಿನಲ್ಲಿತ್ತು.