ನಂಬರ ಓದಾವ

ಗಂಜಿನಾಗ ತೊಗರಿ ಗೋದಾಮು ಮುಚ್ಚಲಿಕ್ಕ
ಒಬ್ಬಾವ ಸಾಲೂದಿಲ್ಲ.
ಯಾವುದಕ್ಕ ರಾತ್ರಿ ಲಾರಿ ಬರ್ತದ, ಯಾವುದಕ್ಕಿಲ್ಲ,
ಮುನೀಮ ನಮ್ಮಪ್ಪಗಷ್ಟೇ ಗೊತ್ತು.
ಬಾಗಿಲ ಮ್ಯಾಲಿನ ನಂಬರ ಓದಿ
ಸುಮ್ಮ ನಿಂದ್ರತಿದ್ದ. ಕೀಲಿ ಮುಟ್ಟತಿದ್ದಿಲ್ಲ.
ಅವ ನಿಂತದ್ದು ನೋಡಿ ಚಾಂದಪಾಶಾ ಬರತಿದ್ದ,
ಚೀಲಕ್ಕ ಸಿಗಿಸಿದ ಚೀಟಿ ಒಂದೊಂದೇ ಕೀಳತಿದ್ದ.
ಭೀಮಶಾ ಭುಜ ಕೊಟ್ಟು ಚೀಲಕ್ಕ ಚೀಲ ಒತ್ತತಿದ್ದ,
ಬೆರಳು ತೂರದಂಗ.
ಆಮ್ಯಾಲ ಶಟರು.

ಈಗ ನಾ ದವಾಖಾನಿಯೊಳಗ ರಕ್ತದ ಚೀಲ ತೂಗಹಾಕಾಕಿ.
ಮೂರು ವಾರಕ್ಕೊಮ್ಮಿ ವಾಡಿಯಿಂದ ಪ್ಯಾಸೆಂಜರ ಹಿಡದು
ಸೈದಪ್ಪನ್ನ ಕರಕೊಂಡು ಬರ್ತಾಳ ಚಂದಮ್ಮ.
ಆರು ವರ್ಷದಾಂವ. ತುಟಿ ಬಿಳಿ ಸೀಮೆಸುಣ್ಣ.
"ಹುಟ್ಟಿದಾಗ ಕೆಂಪಗ ಇದ್ದನಲ್ರೀ ಅಕ್ಕಾ,
ಆ ರಕ್ತ ಎಲ್ಲಿ ಹೋತು?"

ಎಲ್ಲೂ ಹೋಗಿಲ್ಲವ್ವಾ.
ಎಲಬಿನ ಒಳಗ, ಕಣದ ಒಳಗ,
ಹನ್ನೊಂದನೇ ಓಣಿಯೊಳಗ ಅದರ ಗೋದಾಮು ಅದ,
ತುಂಬಿದ್ದು ತುಂಬಿದಂಗ.
ಕೂಸು ಹುಟ್ಟಿದ ಮ್ಯಾಲ ಒಂದು ಪ್ರೋಟೀನು
ಆರಕ್ಷರದ ಬೋರ್ಡು ಓದಿ ನಿಂದರ್ತದ.
ಅದಕ್ಕೂ ಕೀಲಿ ಹಾಕಲಿಕ್ಕ ಬರೂದಿಲ್ಲ.
ಅದು ನಿಂತಲ್ಲಿ ಇನ್ನೊಂದು ಬಂದು
'ತೆರೆದಿರಲಿ' ಅನ್ನೋ ಚೀಟಿ ಕೀಳತದ,
ಮತ್ತೊಂದು, ನೂಲು ಸುತ್ತಿದ ಉಂಡಿ
ಉಂಡಿಗೆ ಒತ್ತತದ.
ನಿನ್ನ ಮಗನ ಮ್ಯಾಲ ಯಾರಿಗೂ ಸಿಟ್ಟಿಲ್ಲ.
ಬಾಜೂಕ ಹೊಸ ಅಂಗಡಿ ತೆರೆದದ, ಹಳೇದು ಸಾಕು,
ಅಷ್ಟೇ ಅವಕ್ಕ ಸುದ್ದಿ.
ಹೊಸ ಅಂಗಡ್ಯಾಗಿನ ಮಾಲು ಹುಳುಕು ಅನ್ನೋದು
ಅವಕ್ಕ ಹೇಳಾವ್ರು ಯಾರು?

ಇಷ್ಟೆಲ್ಲಾ ಹೇಳಲಿಲ್ಲ ನಾ.
"ಡಾಕ್ಟರಿಗಿ ಕೇಳವ್ವಾ" ಅಂದೆ.

ಒಂದು ಸಂಜಿ ನಮ್ಮಪ್ಪಗ ಜ್ವರ.
ಚಾಂದಪಾಶಾ, ಭೀಮಶಾ ಕಟ್ಟಿ ಮ್ಯಾಲ ಬೀಡಿ ಸೇದಕೋತ ಕುಂತ್ರು,
ಕೈ ಇದ್ವು, ಕೀಲಿ ಇತ್ತು,
ಯಾವ ಬಾಗಿಲು ಅಂತ ಗೊತ್ತಿದ್ದಿಲ್ಲ.
ಮುಂಜಾನಿಗೆ ಹನ್ನೊಂದು ಚೀಲ ಕಮ್ಮಿ.
ದೀಪಾವಳಿ ತನಕ ಅಪ್ಪನ ಪಗಾರ ಮುರಕೊಂಡ್ರು.

ಅದಕ್ಕ, ಮುಚ್ಚಾವ್ರನ್ನ ಬೈಯಲಿಕ್ಕ
ನನಗ ಬಾಯಿ ಬರೂದಿಲ್ಲ.
ಅವ್ರು ಇರದಿದ್ರ ಕಣ್ಣಾಗ ಹಲ್ಲು ಮೂಡ್ಯಾವು,
ನಾಲಿಗಿ ಮ್ಯಾಲ ಕೂದಲ.
ಆದ್ರೂ ಸೈದಪ್ಪನ ಮುಂಗೈಯಾಗ ನರ ಹುಡುಕುವಾಗ
ಒಳಗೊಳಗ ಅಂತೀನಿ, ಯಾರಿಗಿ ಅಂತೀನೋ ಗೊತ್ತಿಲ್ಲ,
ಆ ಬೋರ್ಡು ಓದಾವಗ ಒಂದು ಜ್ವರ ಬರಲಿ,
ಊರಿಗೆಲ್ಲಾ ಬ್ಯಾಡ,
ಈ ಒಂದು ಓಣಿಯೊಳಗ.

ಹನಿ ಬೀಳಲಿಕ್ಕ ಹತ್ತಿತು.
ಹುಡುಗ ತಲಿ ಎತ್ತಿ ಚೀಲ ನೋಡ್ದ:
"ಇವತ್ತ ಯಾರ ರಕ್ತರೀ?"
ಚೀಟಿ ಹೊಳ್ಳಿಸಿ ನೋಡ್ದೆ.
ಹೆಸರ ಇಲ್ಲಪ್ಪಾ,
ನಂಬರ ಅದ.