ಒಂದೇ ಪುಟ

ಹಾಸನದ ಹಳೇ ಬಸ್‌ಸ್ಟ್ಯಾಂಡ್ ಎದುರು ನನ್ನ ಜೆರಾಕ್ಸ್ ಅಂಗಡಿ.
ಮಾಜಿ ಹವಾಲ್ದಾರ್ ಪುಟ್ಟತಮ್ಮಯ್ಯ
ಸ್ಟೂಲಿನ ಮೇಲೂ ಸಾವಧಾನ್.

‘ಕುವೈತಲ್ಲಿ ಮಿಲಿಟರಿ ಕ್ಯಾಂಪು, ಕಂಟ್ರಾಕ್ಟು. ಗಾಡಿ ರಿಪೇರಿ.
ಒಂದೇ ಪುಟ ಇರ್ಬೇಕಂತೆ ಬಯೋಡೇಟಾ.’

ಹದಿನೇಳು ವರ್ಷ, ಎರಡು ಸಾಲು.
ಲೇಹ್‌ನಲ್ಲಿ ಡೀಸೆಲ್ ಹೆಪ್ಪುಗಟ್ಟಿದಾಗ
ಟ್ಯಾಂಕಿನಡಿ ಒಲೆ ಹಚ್ಚಿ ಎಬ್ಬಿಸಿದ ಟ್ರಕ್ಕುಗಳನ್ನು
‘ಶೀತವಲಯದ ಅನುಭವ’ ಎಂದು ಟೈಪಿಸಿದೆ.
‘ಅಲ್ಲಿರೋದು ಮರಳು’ ಎಂದರು.
ಅಳಿಸಿದೆ.

ಎಡಗಿವಿ?
‘ಕೇಳಲ್ಲ ಅಂತ ಹಾಕ್ಬೇಡಮ್ಮ.
ಜನರೇಟರ್ ಪಕ್ಕದಲ್ಲೂ ನಿದ್ದೆ ಮಾಡ್ತಾನೆ ಅಂತ ಹಾಕು.’
ಅವರು ನಕ್ಕರು. ನನ್ನ ಬೆರಳು ನಿಂತಿತ್ತು.

ಯಾಕೆ ಹೋಗುತ್ತೀರಿ ಎಂಬುದಕ್ಕೆ
ನಮೂನೆಯಲ್ಲಿ ಜಾಗವಿಲ್ಲ.

ಹತ್ತು ರೂಪಾಯಿ ಕೊಟ್ಟು
ಇನ್ನೂ ಬಿಸಿಯಿದ್ದ ಹಾಳೆಯನ್ನು
ಬಲಗಿವಿಯ ಹತ್ತಿರ ಹಿಡಿದರು,
ಏನಾದರೂ ಹೇಳೀತೇನೋ ಎಂಬಂತೆ.